ಹಗ್ಗ ಹಿಡಿಯುವವರು

ಆಫೀಸಿನ ಫೋನಿಗೆ ಬಂದ ಹೆಂಗಸು ಹೆಸರು ಹೇಳಲಿಲ್ಲ.

"ಹುಲ್ಲುಬಂಡೆ ದೊಡ್ಡೀಲಿ ಚೆಕ್ಕಿಗೆ ಸೈನ್ ಆಕೋ ಇಬ್ರೂ ಬಾವ ಬಾಮೈದ ಕಣಮ್ಮ. ನೆಂಟ್ರು ಇರಕೂಡ್ದು ಅಂತ ನೀವೇ ಏಳಿದ್ರಲ್ಲ? ದುಡ್ಡು ಬುಡಬ್ಯಾಡಿ."

"ಯಾರು ಮಾತಾಡ್ತಿರೋದು?" ಎಂದು ಅಸ್ರಾ ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್. ನಂಬರು ಅವಳ ಬಳಿ ಇದ್ದ ಯಾವ ಹೆಸರಿಗೂ ಹೊಂದಲಿಲ್ಲ.

'ಒರತೆ' ಎಂಬ ಆ ಸಂಸ್ಥೆ ಇದ್ದದ್ದು ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದೆ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ. ಒರತೆಗೆ ಸ್ವಂತ ಹಣ ಇರಲಿಲ್ಲ. ಬೆಂಗಳೂರಿನ ಒಂದು ದೊಡ್ಡ ಫೌಂಡೇಶನ್ ಕೊಡುತ್ತಿದ್ದ ಹಣವನ್ನು ಸಣ್ಣ ಪಾಲು ಮಾಡಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಊರುಗಳ ಗುಂಪುಗಳಿಗೆ ದಾಟಿಸುವುದು ಅದರ ಕೆಲಸ. ಮಳೆ ಕೆಟ್ಟಿದೆ, ಬಿಸಿಲು ಏರಿದೆ, ಇದಕ್ಕೆ ಏನು ಮಾಡಬೇಕೆಂದು ಆಯಾ ಊರಿನವರೇ ತೀರ್ಮಾನಿಸಲಿ, ನಾವು ಹಣ ಕೊಟ್ಟು ದೂರ ನಿಲ್ಲೋಣ ಎನ್ನುವುದು ಉದ್ದೇಶ. ಮೀಟಿಂಗುಗಳಲ್ಲಿ ಹೇಳುವುದಕ್ಕೆ ಚೆನ್ನಾಗಿತ್ತು. ಆದರೆ ಹಣದ ಜೊತೆಯಲ್ಲೇ ಅನುಮಾನವೂ ಕೆಳಗೆ ಇಳಿಯುತ್ತಿತ್ತು. ಫೌಂಡೇಶನ್ನಿಗೆ ಒರತೆಯ ಮೇಲೆ, ಒರತೆ ನಡೆಸುವ ಸಿದ್ಧಾರ್ಥನಿಗೆ ಫೀಲ್ಡಿನವರ ಮೇಲೆ, ಫೀಲ್ಡಿನವರಿಗೆ ಊರಿನವರ ಮೇಲೆ. ಊರಿನವರಿಗೆ ಇವರೆಲ್ಲರ ಮೇಲೆ.

ಅಸ್ರಾ ಫೀಲ್ಡಿನವಳು. ಅವಳಿಗಿಂತ ಮೊದಲು ಈ ಕೆಲಸದಲ್ಲಿದ್ದ ಬೈರಪ್ಪನನ್ನು ತೆಗೆದುಹಾಕಿದ್ದರು. ಚನ್ನಪಟ್ಟಣದ ಕಡೆಯ ಒಂದು ಗುಂಪಿನಲ್ಲಿ ಸಹಿ ಹಾಕುತ್ತಿದ್ದ ಇಬ್ಬರು ಚಿಕ್ಕಪ್ಪ ಮತ್ತು ಅಣ್ಣನ ಮಗ ಎಂದು ಆಡಿಟ್‌ನಲ್ಲಿ ಗೊತ್ತಾಗಿತ್ತು. ಬೈರಪ್ಪ ದುಡ್ಡು ಮುಟ್ಟಿರಲಿಲ್ಲ, ಕೇಳಿರಲಿಲ್ಲ ಅಷ್ಟೆ. ಈಗ ಕೆಂಗಲ್ ಹತ್ತಿರ ಎಳನೀರು ಮಾರುತ್ತಾನೆ.

ಹುಲ್ಲುಬಂಡೆ ದೊಡ್ಡಿಯಲ್ಲಿ ಅಸ್ರಾಳೂ ಕೇಳಿರಲಿಲ್ಲ. ಅದು ಕನಕಪುರದ ಆಚೆ, ಕಾಡಿನ ಅಂಚಿನಲ್ಲಿರುವ ಇರುಳಿಗ ಬುಡಕಟ್ಟಿನವರ ಹಾಡಿ. ಸಹಿ ಹಾಕಲು ಇಬ್ಬರನ್ನು ಆರಿಸಿ ಎಂದಾಗ ಮಿಕ್ಕ ಊರುಗಳಲ್ಲಿ ಜಗಳವಾಗುತ್ತದೆ. ಇಲ್ಲಿ ಒಂದೇ ಮಾತಿಗೆ ಮರಿಯಪ್ಪ, ಸ್ವಾಮಿ ಎಂದಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಅಸ್ರಾ ಅದನ್ನು ಒಗ್ಗಟ್ಟು ಎಂದುಕೊಂಡು ರಿಪೋರ್ಟಿನಲ್ಲಿ ಹೊಗಳಿ ಬರೆದಿದ್ದಳು.

"ಹೋಗಿ ನೋಡ್ಕೊಂಡು ಬನ್ನಿ," ಎಂದ ಸಿದ್ಧಾರ್ಥ. "ಅಲ್ಲೀವರೆಗೆ ಎರಡನೇ ಕಂತು ತಡೆದಿರ್ತೀನಿ. ನಿಜ ಅನ್ನೋದಾದರೆ ಕ್ಯಾನ್ಸಲ್."

"ಸರ್, ನೀರು ನಿಲ್ಲೋ ಹಳ್ಳದ ಏರಿ ಬಿಚ್ಚಿಟ್ಟಿದ್ದಾರೆ. ಮಳೆ ಬರೋ ಮೊದಲು ಮುಚ್ಚದಿದ್ದರೆ…"

"ಬೈರಪ್ಪನೂ ಇದೇ ಥರ ಏನೋ ಹೇಳ್ತಿದ್ದರು."

ಬಾವ-ಬಾಮೈದ ಎಂದರೆ ಏನೆಂದು ಅಸ್ರಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಅಪ್ಪ ಗಫಾರ್‌ಗೆ ರೇಷ್ಮೆ ನೂಲು ತೆಗೆಯುವ ಸ್ವಂತ ಫಿಲೇಚರ್ ಇತ್ತು, ಅದರಲ್ಲಿ ಅಮ್ಮಿಯ ತಮ್ಮ ಶೋಯೆಬ್ ಪಾಲುದಾರ. ಒಂದು ದಿನ ಗೂಡು ಕೊಳ್ಳಲು ಇಟ್ಟಿದ್ದ ಹಣದ ಸಮೇತ ಶೋಯೆಬ್ ಮಾಮು ಕಾಣೆಯಾದರು. ಅಪ್ಪ ಪೊಲೀಸಿಗೆ ಹೋಗಲಿಲ್ಲ. ಅಮ್ಮಿಯ ಜೊತೆ ಮಾತು ಬಿಟ್ಟರು. ಈಗ ಇನ್ನೊಬ್ಬರ ಫಿಲೇಚರಿನಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂರುತ್ತಾರೆ. ಅಸ್ರಾಳ ಸಂಬಳದಲ್ಲಿ ಮನೆ ನಡೆಯುತ್ತದೆ.

ಫೋನು ಮಾಡಿದ ಹೆಂಗಸು ಹೇಳಿದ್ದು ನಿಜವೇ ಇರಬೇಕು ಎಂದುಕೊಂಡೇ ಅವಳು ಬಸ್ಸು ಹತ್ತಿದಳು.

*

ಮರಿಯಪ್ಪ ಹಾಡಿಯ ಬಾಯಲ್ಲೇ ಸಿಕ್ಕಿದ. ಗುಂಪಿನ ಅಧ್ಯಕ್ಷನಾದ ಮೇಲೆ ಅವನ ಅಂಗಿಯ ಜೇಬಿಗೆ ಪೆನ್ನು ಬಂದಿತ್ತು. ಕುರ್ಚಿ ತರಿಸಿದ, ಟೀ ತರಿಸಿದ. ಪಕ್ಕದ ಹೊಂಗೆಮರದ ಕೆಳಗೆ ಅವನ ತಾಯಿ ಯಲ್ಲಮ್ಮ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕೂತಿದ್ದಳು. ಕೈ ಕೆಲಸದಲ್ಲಿತ್ತು, ಕಣ್ಣು ಅಸ್ರಾಳ ಬ್ಯಾಗಿನ ಮೇಲಿತ್ತು.

ಅಸ್ರಾ ಸುತ್ತು ಬಳಸಲಿಲ್ಲ. "ಸ್ವಾಮಿ ನಿಮಗೆ ಏನಾಗಬೇಕು?"

"ಬಾಮೈದ ಕಣಮ್ಮ. ನನ್ನೆಡ್ತಿ ಬೋರಮ್ಮನ ತಮ್ಮ. ಯಾಕೆ?"

ಅವಳು ಸುಳ್ಳಿಗೆ ತಯಾರಾಗಿ ಬಂದಿದ್ದಳು. ಇಷ್ಟು ಸಲೀಸಾಗಿ ನಿಜ ಹೇಳಿದವನ ಮೇಲೆ ಇನ್ನೂ ಹೆಚ್ಚು ಅನುಮಾನ ಬಂತು.

"ಸಹಿ ಹಾಕೋ ಇಬ್ಬರು ನೆಂಟರಾಗಿರಬಾರದು ಅಂತ ಅವತ್ತೇ ಓದಿ ಹೇಳಿದ್ದೆ."

"ನೀವು ಏನೇನೋ ಓದಿದ್ರಿ. ಒಡುಟ್ಟಿದೋರು ಇರಬಾರ್ದು ಅಂತಿರಬೇಕು ಅನ್ಕಂಡೋ. ಅದು ಸರಿ. ಒಡುಟ್ಟಿದೋರ್ನ ಯಾರು ನಂಬ್ತಾರೆ? ಅದುಕ್ಕೇ ಬಾಮೈದನ್ನ ಆಕುದ್ದು."

"ಅಲ್ಲ, ಯಾವ ನೆಂಟರೂ…"

ಯಲ್ಲಮ್ಮ ಹುಣಸೆಹಣ್ಣು ಕುಟ್ಟುವುದನ್ನು ನಿಲ್ಲಿಸಿದಳು. "ಏ ಕೂಸೇ, ಜೇನು ಕುಯ್ಯಾಕೆ ಬಂಡೆ ಇಳೀತಾರಲ್ಲ, ಮ್ಯಾಗೆ ಅಗ್ಗ ಯಾರು ಇಡ್ಕತಾರೆ ಗೊತ್ತಾ ನಿಂಗೆ?"

"ಗೊತ್ತಿಲ್ಲ."

"ಬಾಮೈದ ಇಡೀಬೇಕು. ಅಣ್ಣ ತಮ್ಮ ಇಡ್ಯಂಗಿಲ್ಲ. ಅಣ್ಣ ಸತ್ರೆ ತಮ್ಮಂಗೆ ಗುಡ್ಲು ಸಿಕ್ತದೆ, ಮೇಕೆ ಸಿಕ್ತದೆ. ಬಾಮೈದಂಗೆ ಏನು ಸಿಕ್ತದೆ? ಅಗ್ಗ ಬುಟ್ರೆ ಮುಂಡೆ ಆಗೋಳು ಅವ್ನ ಅಕ್ಕನೇ. ಅವ್ಳ್ನ ಸಾಯೋಗಂಟ ಸಾಕ್ಬೇಕಾದೋನು ಅವ್ನೇ. ಅದುಕ್ಕೇ ಬುಡಾಕಿಲ್ಲ. ದುಡ್ಡೂ ಅಂಗೇಯ."

ಅಸ್ರಾ ಸುಮ್ಮನಿರಬಹುದಿತ್ತು. "ನಮ್ಮಪ್ಪನ ದುಡ್ಡು ಎತ್ಕೊಂಡು ಓಡಿಹೋದವನು ಅವರ ಬಾಮೈದನೇ," ಎಂದಳು.

"ನಿಮ್ಮವ್ವ ಎಲ್ಲಿದ್ಲು ಆಗ?"

"ಮನೇಲೇ ಇದ್ದರು."

"ಮನೇಲಿದ್ರೂ ಓಡೋದ್ನಾ?" ಯಲ್ಲಮ್ಮ ಒಂದು ಕ್ಷಣ ಯೋಚಿಸಿದಳು. "ಅಂಗಾರೆ ಅವ್ನು ಮನ್ಸನೇ ಅಲ್ಲ ಬುಡು."

ಮರಿಯಪ್ಪ ನಕ್ಕ. ಅಸ್ರಾಳಿಗೆ ನಗು ಬರಲಿಲ್ಲ. ಕಥೆ ಚೆನ್ನಾಗಿತ್ತು. ಫೀಲ್ಡಿಗೆ ಬಂದವರಿಗೆ ಹೇಳಲು ಎಲ್ಲ ಊರಿನಲ್ಲೂ ಒಂದು ಚೆನ್ನಾದ ಕಥೆ ಇರುತ್ತದೆ ಎಂಬುದನ್ನು ಅವಳು ಅಷ್ಟರಲ್ಲಿ ಕಲಿತಿದ್ದಳು.

"ಸರಿ. ಬೋರಮ್ಮ ಅವರನ್ನ ಕರೀರಿ. ಅವರ ಹತ್ತಿರ ಎರಡು ಮಾತು ಕೇಳ್ತೀನಿ."

"ಸೊಪ್ಪಿಗೆ ಓಗವ್ಳೆ," ಎಂದಳು ಯಲ್ಲಮ್ಮ. ಅದೇ ಉಸಿರಿನಲ್ಲಿ ಮರಿಯಪ್ಪ, "ಮಾಗಡೀಗೆ, ಅವ್ರ ಚಿಕ್ಕವ್ವನ ಮನೇಗೆ," ಎಂದ.

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸೊಪ್ಪು ತಕ್ಕಂಡು ಅಂಗೇ ಮಾಗಡಿಗೆ ಓದ್ಲು," ಎಂದು ಮರಿಯಪ್ಪ ಜೋಡಿಸಿದ.

*

ಕೆಲಸ ನೋಡಬೇಕು ಎಂದು ಅಸ್ರಾ ಬೆಟ್ಟ ಹತ್ತಿದಳು. ಮರಿಯಪ್ಪ ಒಲ್ಲದ ಮನಸ್ಸಿನಿಂದ ಹಿಂದೆ ಬಂದ.

ಹಾಡಿಯ ನೆತ್ತಿಯ ಮೇಲೆ ಬಂಡೆಗಳ ನಡುವೆ ಒಂದು ದೊಣೆ ಇದೆ. ಸುತ್ತಲಿನ ಬಂಡೆಯ ಮೇಲೆ ಬಿದ್ದ ಮಳೆನೀರೆಲ್ಲ ಜಾರಿ ಬಂದು ನಿಲ್ಲುವ ಆಳವಾದ ಹಳ್ಳ. ಒಂದು ಮಗ್ಗುಲಿಗೆ ಯಾವ ಕಾಲದಲ್ಲೋ ಕಟ್ಟಿದ ಕಲ್ಲುಮಣ್ಣಿನ ಏರಿ. ದೊಣೆಯಲ್ಲಿ ನೀರಿದ್ದರೆ ಹಾಡಿಗೆ ಬೇಸಗೆ ದಾಟುತ್ತಿತ್ತು, ಆನೆಗಳೂ ಅಲ್ಲೇ ಕುಡಿದು ಹೋಗುತ್ತಿದ್ದವು. ಈಚೆಗೆ ಮಳೆ ಬಂದರೆ ಒಂದೇ ಸಲ ಬಂದು ಮಣ್ಣನ್ನೆಲ್ಲ ತಂದು ಸುರಿದು ಹೋಗುತ್ತದೆ. ದೊಣೆ ಹೂಳಿನಿಂದ ತುಂಬಿ, ನೀರು ನಿಲ್ಲದೆ, ಆನೆಗಳು ಗುಡಿಸಲಿನ ಮುಂದಿನ ಡ್ರಮ್ಮಿಗೇ ಸೊಂಡಿಲು ಹಾಕತೊಡಗಿದ್ದವು. ಹೂಳು ತೆಗೆದು ಏರಿ ಹೊಸದಾಗಿ ಕಟ್ಟುತ್ತೇವೆ ಎಂದು ಹಾಡಿಯವರು ಕೇಳಿದ್ದು ಈ ಹಣವನ್ನು. ಮೊದಲ ಕಂತಿನಲ್ಲಿ ಏರಿ ಬಿಚ್ಚಿ ಹೂಳು ಎತ್ತಿ, ಹೊಸ ಏರಿಯ ಬುಡಕ್ಕೆ ಒಂದೆರಡು ಸಾಲು ಕಲ್ಲು ಕೂರಿಸಿದ್ದರು. ಎತ್ತಿದ ಹೂಳು ಏರಿಯ ಹೊರಗೆ ಗುಡ್ಡವಾಗಿ ನಿಂತಿತ್ತು. ಅದರ ನೇರ ಕೆಳಗೆ ಗುಡಿಸಲುಗಳು.

ಈಗ ಒಂದು ದೊಡ್ಡ ಮಳೆ ಬಂದರೆ ಏನಾಗುತ್ತದೆಂದು ತಿಳಿಯಲು ಇಂಜಿನಿಯರ್ ಬೇಕಿರಲಿಲ್ಲ.

ಕೆಲಸದಲ್ಲಿ ಒಬ್ಬರೂ ಇರಲಿಲ್ಲ.

"ದುಡ್ಡು ಬರ್ನಿಲ್ವಲ್ಲಮ್ಮ, ಅದುಕ್ಕೇ ನಿಂತದೆ," ಎಂದ ಮರಿಯಪ್ಪ.

ಅಸ್ರಾ ಬಿದ್ದಿದ್ದ ಬುಟ್ಟಿಯೊಂದನ್ನು ತಿರುವಿದಳು. ಒಳಗಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಬುಟ್ಟಿಯ ಹಿಡಿಗೆ ಜೇಡ ಬಲೆ ಕಟ್ಟಿತ್ತು. ಹಣ ತಡೆದದ್ದು ನಿನ್ನೆ. ಕೆಲಸ ನಿಂತು ಬಹಳ ದಿನವಾಗಿತ್ತು.

ತಲೆ ಎತ್ತಿದಾಗ ಎದುರಿನ ಬಂಡೆಯ ಕೊರಕಲಿನಲ್ಲಿ ಹೆಜ್ಜೇನಿನ ಹುಟ್ಟುಗಳು ಕಂಡವು, ಕಪ್ಪಗೆ, ಒಂದರ ಪಕ್ಕ ಒಂದು. ಹೋದ ವರ್ಷ ಇದೇ ದಿನಗಳಲ್ಲಿ ಬಂದಾಗ ಆ ಜಾಗ ಖಾಲಿ ಇತ್ತು. ಕುಯ್ದ ಜೇನು ಒಂದು ಬಾಟಲಿ ಅವಳಿಗೂ ಕೊಟ್ಟಿದ್ದರು.

"ಈ ಸಲ ಕುಯ್ಯಲಿಲ್ವಾ?"

"ತುಪ್ಪ ತುಂಬಿಲ್ಲ."

ದಾರಿಯಲ್ಲಿ ಸೌದೆ ಹೊತ್ತು ಬರುತ್ತಿದ್ದ ಒಬ್ಬ ಮುದುಕನನ್ನು ಅವಳು ಅದೇ ಮಾತು ಕೇಳಿದಳು. ಅವನು ಮರಿಯಪ್ಪನ ಕಡೆ ನೋಡದೆ, "ತುಂಬಿ ಸುರೀತಾ ಐತೆ. ಇಳ್ಯೋನು ಬೇಕಲ್ಲ," ಎಂದು ಹೇಳಿ ಹೋದ.

ಮರಿಯಪ್ಪನೇ ಇಳಿಯುವವನು. ಇಲ್ಲೇ ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ. ಕೈಗೆ ಸಿಗುವ ಜೇನನ್ನು ಈ ಜನ ಬಿಡುವವರಲ್ಲ. ಕೆಲಸ ನಿಂತಿದೆ, ಜೇನು ನಿಂತಿದೆ, ಒಬ್ಬ ಹೆಂಗಸು ಕಾಣೆಯಾಗಿದ್ದಾಳೆ. ದುಡ್ಡು ಹೊಡೆದು ಅವಳ ಕೈಲಿ ಮಾಗಡಿಗೆ ಸಾಗಿಸಿರಬಹುದೇ? ಅಥವಾ ಅವಳಿಗೆ ಬೇರೆ ಏನಾದರೂ ಆಗಿರಬಹುದೇ? ಎರಡನೆಯದನ್ನು ಯೋಚಿಸಿದಾಗ ಅಸ್ರಾ ಮರಿಯಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯತೊಡಗಿದಳು.

"ಸ್ವಾಮಿ ಮನೆ ಯಾವುದು?"

"ಅವ್ನಿಲ್ಲ. ಬಿಡದೀಲಿ ಲೋಡಿಂಗ್ ಕೆಲ್ಸಕ್ಕೆ ಓಗವ್ನೆ."

"ಮನೆ ಯಾವುದು ಅಂದೆ."

ಅವನು ಹೇಳುವ ಅಗತ್ಯ ಬೀಳಲಿಲ್ಲ. ಹೂಳಿನ ಗುಡ್ಡದ ಕೆಳಗಿನ ಮೊದಲ ಗುಡಿಸಲಿನಿಂದ ಒಂದು ಹೆಂಗಸಿನ ದನಿ ಮೇಕೆಯನ್ನು ಬೈಯುತ್ತಿತ್ತು. "ಬುಡಬ್ಯಾಡ, ಏ ಪುಟ್ಟಿ, ಬುಡಬ್ಯಾಡ ಅದ್ನ, ಸೊಪ್ಪೆಲ್ಲ ತಿಂದಾಕ್ತದೆ!"

ದುಡ್ಡು ಬುಡಬ್ಯಾಡಿ ಎಂದ ಅದೇ ದನಿ.

*

ಬೋರಮ್ಮ ಸೊಪ್ಪಿಗೂ ಹೋಗಿರಲಿಲ್ಲ, ಮಾಗಡಿಗೂ ಹೋಗಿರಲಿಲ್ಲ. ತಮ್ಮನ ಗುಡಿಸಲಿನ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಮಣಿಕಟ್ಟಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿತ್ತು. ಬೆರಳುಗಳು ಊದಿಕೊಂಡಿದ್ದವು. ಸ್ವಾಮಿಯ ಹೆಂಡತಿ ಪುಟ್ಟಿ ಮೇಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಮರಿಯಪ್ಪ ಅಂಗಳದ ಆಚೆಯೇ ಉಳಿದ, ಒಳಗೆ ಕಾಲಿಡಲಿಲ್ಲ.

"ಫೋನ್ ಮಾಡಿದ್ದು ನೀವೇನಾ?"

"ಊ. ಪುಟ್ಟಿ ಫೋನಲ್ಲಿ."

"ನಿಮ್ಮ ಗಂಡ, ನಿಮ್ಮ ತಮ್ಮ. ಅವರ ಮೇಲೆ ನೀವೇ ದೂರು ಹೇಳ್ತೀರಾ?"

"ಅವ್ರು ದುಡ್ಡು ತಿಂದವ್ರೆ ಅಂತ ನಾ ಏಳ್ನಿಲ್ಲ. ತಿಂದಿಲ್ಲ. ನೆಂಟ್ರು ಅಂದೆ. ಅದು ಸುಳ್ಳಾ?"

"ಮತ್ತೆ ಹಣ ನಿಲ್ಲಿಸಿ ಅಂತ ಯಾಕೆ?"

ಬೋರಮ್ಮ ಕೈ ಎತ್ತಿ ತೋರಿಸಿದಳು. "ದೊಣೆ ತಾವ ಕಲ್ಲು ಸೊಟ್ಟಗೆ ಕೂರಿಸ್ತಾ ಇದ್ರು. ಸೊಟ್ಟಗೈತೆ ಅಂದೆ. ಎಲ್ರ ಮುಂದ್ಲೂ ಅಂದೆ. ಗುದ್ಲಿ ಕಾವಲ್ಲಿ ಒಡ್ದ ನನ್ ಗಂಡ. ಮುಂಚೇನೂ ಒಡೀತಿದ್ದ, ಒಳಗೆ. ಜೇಬಿಗೆ ಪೆನ್ನು ಬಂದ್ಮ್ಯಾಗೆ ಒರಗೂ ಶುರು ಮಾಡ್ದ. ಅವತ್ತೇ ತಮ್ಮನ ಮನೇಗೆ ಬಂದ್ಬುಟ್ಟೆ. ಇನ್ನ ಓಗಾಕಿಲ್ಲ."

"ಅವತ್ತಿನಿಂದಲೇ ಕೆಲಸ ನಿಂತಿದ್ದಾ?"

"ಇನ್ನೇನು? ನಾನು ಆ ಮನೇಲಿ ಇಲ್ಲ ಅಂದ್ರೆ ಅವ್ರಿಬ್ರು ಬಾವ ಬಾಮೈದ ಎಂಗಾಯ್ತಾರೆ? ಜೇನಿಗೆ ಅವ್ನು ಇಳ್ಯಾಕಿಲ್ಲ, ಇವ್ನು ಅಗ್ಗ ಇಡ್ಯಾಕಿಲ್ಲ. ಅವ್ರ ಕೈಲಿರೋ ದುಡ್ಡ ನಂಬ್ಕಂಡು ಯಾರು ಗುದ್ಲಿ ಇಡೀತಾರೆ? ಒಬ್ಬ ತಿಂದು ಇನ್ನೊಬ್ಬನ ಮ್ಯಾಲೆ ಆಕಿದ್ರೆ ಕೇಳೋರ್ಯಾರು?"

ಪುಟ್ಟಿ ಬಾಗಿಲಿನಿಂದ ಸೇರಿಸಿದಳು. "ದಿನಾ ಬತ್ತಾರಕ್ಕ, ಊರೆಲ್ಲ. ಓಗು ಬೋರಿ, ಏರಿ ಕಟ್ಟೋಗಂಟ ತಡ್ಕೊ, ಆಮ್ಯಾಲೆ ಬೇಕಾರೆ ಬಂದ್ಬುಡು ಅಂತಾರೆ. ನಮ್ಮೆಜಮಾನ್ರೂ ಅದನ್ನೇ ಅಂತಾವ್ರೆ."

"ದುಡ್ಡು ಬತ್ತದೆ ಅನ್ನೋಗಂಟ ಇವ್ರು ನನ್ನ ಬುಡಾಕಿಲ್ಲ," ಎಂದಳು ಬೋರಮ್ಮ. "ಬರಾದೇ ಇಲ್ಲ ಅಂದ್ರೆ ಯಾರೂ ಕರೆಯಾಕೆ ಬರಾಕಿಲ್ಲ. ಅದುಕ್ಕೇ ನಿಲ್ಸಿ ಅಂದೆ."

"ಇದನ್ನೇ ಫೋನಲ್ಲಿ ಹೇಳಬಹುದಿತ್ತಲ್ಲ?"

"ಗಂಡ ಕೈ ಮುರ್ದ ಅಂದ್ರೆ ನೀವು ದುಡ್ಡು ನಿಲ್ಲಿಸ್ತಿದ್ರಾ?"

ಅಸ್ರಾ ನಿಯಮಗಳನ್ನು ಮನಸ್ಸಿನಲ್ಲೇ ಓದಿಕೊಂಡಳು. ಅಂಥದ್ದು ಒಂದೂ ಇರಲಿಲ್ಲ.

"ನೆಂಟ್ರು ಅಂದೆ, ಮಾರನೇ ದಿನ್ವೇ ಬಂದ್ಬುಟ್ರಿ," ಎಂದಳು ಬೋರಮ್ಮ.

"ಮಳೆ ಬಂದರೆ ಏರಿ?"

"ಗೊತ್ತು. ಮೊದ್ಲು ಕೊಚ್ಕಂಡು ಓಗೋದು ಇದೇ ಗುಡ್ಲು. ಇಲ್ಲೇ ಕೂತಿವ್ನಿ ನೋಡಿ."

ಮಾಮು ಓಡಿಹೋದ ವರ್ಷ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಊಟ ಮಾಡುತ್ತಿದ್ದ ಅಮ್ಮಿ ಅಸ್ರಾಳ ನೆನಪಿಗೆ ಬಂದರು. ಅಮ್ಮಿಯನ್ನು ಯಾರೂ ಏನೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ.

*

ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಅವಳು ಸಿದ್ಧಾರ್ಥನಿಗೆ ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ನಂತರ ಅವನ ದನಿ ಹಗುರವಾಯಿತು.

"ಅಂದರೆ ಗಂಡ ಹೆಂಡತಿ ಬೇರೆ ಆಗಿದ್ದಾರೆ?"

"ಹೌದು ಸರ್."

"ಹಾಗಾದರೆ ಅವರಿಬ್ಬರೂ ಈಗ ನೆಂಟರಲ್ಲ. ಪ್ರಾಬ್ಲಮ್ಮೇ ಇಲ್ಲವಲ್ಲ! ಆ ಹೆಂಗಸಿನ ಕೈಲಿ ಒಂದು ಡಿಕ್ಲರೇಶನ್ ಬರೆಸ್ಕೊಳ್ಳಿ, ಸಂಬಂಧ ಮುಗಿದಿದೆ ಅಂತ. ಹಣ ಬಿಡುಗಡೆ ಮಾಡೋಣ."

"ಸರ್, ನೆಂಟರಾಗಿದ್ದಾಗ ಊರು ಅವರನ್ನ ನಂಬ್ತಿತ್ತು. ಈಗ ನಂಬಲ್ಲ."

"ಊರಿನ ನಂಬಿಕೆ ಆಡಿಟ್‌ನಲ್ಲಿ ಬರಲ್ಲ ಅಸ್ರಾ. ಮಳೆ ಮಳೆ ಅಂತ ನೀವೇ ಅಂತಿದ್ದಿರಿ."

ಅಸ್ರಾ ಫೋನಿಟ್ಟಳು. ಅವಳ ಕೆಲಸ ಉಳಿಯುತ್ತಿತ್ತು. ಒಂದು ಹಾಳೆ ಬರೆಸಿಕೊಂಡು ಸಂಜೆಯ ಬಸ್ಸು ಹಿಡಿದರೆ ಸಾಕು. ಹಣ ಮರಿಯಪ್ಪ, ಸ್ವಾಮಿಯ ಖಾತೆಗೆ ಬರುತ್ತದೆ. ಹಣ ಬಂತೆಂದು ತಿಳಿದ ಕೂಡಲೇ ಊರು ಬೋರಮ್ಮನನ್ನು ಕೈಯೋ ಕಾಲೋ ಹಿಡಿದು ಗಂಡನ ಮನೆಗೆ ಬಿಟ್ಟು ಬರುತ್ತದೆ. ಆಮೇಲೆ ಎಲ್ಲರೂ ಗುದ್ದಲಿ ಹಿಡಿಯುತ್ತಾರೆ. ಏರಿ ನಿಲ್ಲುತ್ತದೆ. ರಿಪೋರ್ಟಿಗೆ ಫೋಟೊ ಸಿಗುತ್ತದೆ.

ಅವಳು ಕೆಳಗಿಳಿದು ಬಂದಾಗ ಹೊಂಗೆಮರದ ಕೆಳಗೆ ಜನ ಸೇರಿದ್ದರು. ಬಿಡದಿಯಿಂದ ಸ್ವಾಮಿಯೂ ಬಂದಿದ್ದ. ಸಣಕಲು ಆಸಾಮಿ, ಕಂಪನಿಯ ನೀಲಿ ಅಂಗಿಯಲ್ಲೇ ಇದ್ದ, ಬಾವನಿಂದ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬೋರಮ್ಮ ಪುಟ್ಟಿಯ ಜೊತೆ ಬಂದು ನಿಂತಿದ್ದಳು.

"ದುಡ್ಡು ಬರಬಹುದು," ಎಂದಳು ಅಸ್ರಾ. "ಆದರೆ ಬೋರಮ್ಮ ವಾಪಸ್ ಬರಲ್ಲ ಅಂತಿದ್ದಾರೆ. ಹಾಗಿದ್ದೂ ಇವರಿಬ್ಬರ ಕೈಗೇ ಹಣ ಕೊಡಬಹುದಾ? ನೀವೇ ಹೇಳಿ."

ಮರಿಯಪ್ಪ ನಗುತ್ತಲೇ ಎದ್ದ. "ಅದುಕ್ಯಾಕಮ್ಮ ತಲೆ ಕೆಡಿಸ್ಕತೀರಿ? ಬೆಳಗಾಗೋ ಅಷ್ಟ್ರಲ್ಲಿ ಅವ್ಳು ನಮ್ಮನೇಲಿ ಇರ್ತಾಳೆ. ಕೈ ಮುರ್ದಿದ್ರೇನು, ನಡ್ಕಂಡು ಬರಾಕೆ ಕಾಲು ನೆಟ್ಟಗೈತಲ್ಲ!"

ಒಬ್ಬಿಬ್ಬರು ನಕ್ಕರು. ಸ್ವಾಮಿ ಎದ್ದು ನಿಂತ. ಅವನು ನೋಡಿದ್ದು ಬಾವನನ್ನಲ್ಲ, ನಕ್ಕವರನ್ನು.

"ಬಾವ, ಇನ್ಮ್ಯಾಲೆ ನೀನು ಬಂಡೆ ಇಳೀಬೇಡ. ನಿನ್ನ ಅಗ್ಗ ನಾ ಇಡ್ಯಾಕಿಲ್ಲ."

ನಗು ನಿಂತಿತು. ಒಬ್ಬ ಮುದುಕಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇಷ್ಟು ದಿನ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದೆ ಇದ್ದದ್ದು ಇದೇ. ನಾಲ್ಕು ಜನರ ಮುಂದೆ ಬಾಮೈದ ಆ ಮಾತು ಆಡಿದ ಮೇಲೆ ಅದನ್ನು ಹಿಂದೆ ತೆಗೆದುಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ಮರಿಯಪ್ಪ ಏನೋ ಹೇಳಲು ಹೋಗಿ ಜೇಬಿನ ಪೆನ್ನು ಮುಟ್ಟಿಕೊಂಡ, ಕೂತುಬಿಟ್ಟ.

"ಅಂಗಾರೆ ದೊಣೆ ಗತಿ?" ಎಂದರು ಯಾರೋ.

"ನನ್ನ ಕೈಗೆ ಕೊಡ್ಲಿ," ಎಂದಳು ಬೋರಮ್ಮ. "ನಾ ಆಕ್ತೀನಿ ಸೈನು. ಏಳ್ನೇ ಕ್ಲಾಸ್ ಓದಿವ್ನಿ."

ಯಲ್ಲಮ್ಮ ಹುಣಸೆಹಣ್ಣಿನ ಮೊರ ಸರಿಸಿ ಎದ್ದಳು. "ಓಹೋಹೋ! ನಿನ್ನ ಕೈಗಾ? ಒಂದು ಚಿಟಿಕೆ ಉಪ್ಪು ಕೊಟ್ಟು ನಾನು ನಿನ್ನ ನಂಬಿಲ್ಲ ಕಣೇ ಬಜಾರಿ! ದುಡ್ಡು ತಕ್ಕಂಡು ಮಾಗಡಿ ಬಸ್ ಅತ್ತಿದ್ರೆ ಯಾವನು ಇಡ್ಯೋನು ನಿನ್ನ?"

"ನಿಮ್ಮ ಮಗ ಬೇಕಾರೆ ಇಡೀಲಿ!"

"ನನ್ನ ಮಗನ ಮಾತು ಎತ್ತಬ್ಯಾಡ! ನಾ ಇಡೀತೀನಿ ನಿನ್ನ, ನಾನು! ನೀನು ಎತ್ತ ಓದ್ರೆ ಅತ್ತ ಬತ್ತೀನಿ. ನೀನು ಒಂದು ರೂಪಾಯಿ ಮುಟ್ಟು ನೋಡಾನ, ಬೆರಳು ಕಡೀತೀನಿ!"

"ಬರ್ತೀರಾ?" ಎಂದಳು ಅಸ್ರಾ.

"ಏನು?"

"ಅವರು ಎಲ್ಲಿಗೆ ಹೋದರೆ ಅಲ್ಲಿಗೆ. ಬ್ಯಾಂಕಿಗೆ. ಅವರು ಸಹಿ ಹಾಕಿದ ಚೆಕ್ಕಿಗೆಲ್ಲ ನೀವೂ ಹೆಬ್ಬೆಟ್ಟು ಒತ್ತಬೇಕು. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ದುಡ್ಡು ಬರಲ್ಲ."

ಯಲ್ಲಮ್ಮ ಅಸ್ರಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇದರಲ್ಲಿ ಈ ಹುಡುಗಿಗೆ ಏನು ಸಿಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಲೆಕ್ಕ ಸಿಗದೆ, "ಅವ್ಳ ಕೈಗೆ ದುಡ್ಡು ಕೊಟ್ಟು ನಾ ಮನೇಲಿ ಕೂತ್ಕಂಡಿರ್ಲಾ?" ಎಂದಳು. "ಬತ್ತೀನಿ."

ಸೌದೆ ಹೊತ್ತಿದ್ದ ಮುದುಕ ಮೊದಲ ಸಲ ನಕ್ಕ. "ಈ ಅಗ್ಗ ಹರ್ಯಾಕಿಲ್ಲ ಬುಡ್ರಪ್ಪ," ಎಂದ.

*

ರಾತ್ರಿಯೊಳಗೆ ಸಿದ್ಧಾರ್ಥನಿಗೆ ಹೇಳಲೇಬೇಕಿತ್ತು. ಬಸ್ಸಿನಿಂದಲೇ ಹೇಳಿದಳು.

"ಅತ್ತೆ ಸೊಸೆ?" ಎಂದ ಅವನು.

"ಮನೆ ಬಿಟ್ಟ ಮೇಲೆ ನೆಂಟಸ್ತಿಕೆ ಇಲ್ಲ ಅಂದಿದ್ದು ನೀವೇ ಸರ್. ಡಿಕ್ಲರೇಶನ್ ಬರೆಸಿ ಕೊಟ್ಟಿದ್ದಾರೆ."

ಅವನು ಅದನ್ನು ಎರಡು ಸಲ ಓದಿಸಿ ಕೇಳಿದ. ಅವಳು ತನ್ನನ್ನು ಆಟ ಆಡಿಸುತ್ತಿದ್ದಾಳೋ ಎಂದು ಅನುಮಾನಿಸುತ್ತಿದ್ದ ಎಂದು ಅವಳಿಗೆ ಗೊತ್ತಾಯಿತು. ಕಡೆಗೆ, "ರಿಪೋರ್ಟಿನಲ್ಲಿ ಅತ್ತೆ ಅನ್ನೋ ಪದ ಎಲ್ಲೂ ಬರಬಾರದು. ಏನಾದರೂ ಆದರೆ ನಿಮ್ಮ ತಲೆ ಮೇಲೆ," ಎಂದ.

ಹೆಸರು ಬದಲಾಯಿಸಲು ಬ್ಯಾಂಕು ಒಂದು ವಾರಕ್ಕೂ ಹೆಚ್ಚು ತೆಗೆದುಕೊಂಡಿತು. ಕೂಲಿ ಆಮೇಲೆ ಕೊಡುತ್ತೇವೆಂಬ ಅತ್ತೆ ಸೊಸೆಯರ ಮಾತಿನ ಮೇಲೆ ಜನ ಅಷ್ಟರಲ್ಲೇ ಗುದ್ದಲಿ ಹಿಡಿದಿದ್ದರು. ಮರಿಯಪ್ಪನೂ ಕಲ್ಲು ಹೊರುತ್ತಿದ್ದಾನೆ, ಪೆನ್ನು ಇಲ್ಲದೆ, ಎಂದು ಪುಟ್ಟಿ ಫೋನಿನಲ್ಲಿ ಹೇಳಿದಳು. ಜೇನು ಮಾತ್ರ ಆ ವರ್ಷ ಬಂಡೆಯಲ್ಲೇ ಉಳಿಯಿತು.

ಹಣ ತೆಗೆಯುವ ದಿನ ಅಸ್ರಾ ಕನಕಪುರದ ಬ್ಯಾಂಕಿನ ಬಾಗಿಲಲ್ಲಿ ಕಾದಳು. ಹೊರಗೆ ಮೋಡ ಕಟ್ಟಿತ್ತು. ಏರಿ ಎದೆಮಟ್ಟಕ್ಕೆ ಬಂದಿದೆ, ಒಂದು ಮೂಲೆ ಇನ್ನೂ ತೆರೆದಿದೆ ಎಂದಿದ್ದರು. ಇಬ್ಬರೂ ಒಂದೇ ಬಸ್ಸಿನಿಂದ ಇಳಿದರು, ಒಬ್ಬಳು ಮುಂದಿನ ಬಾಗಿಲಿನಿಂದ, ಒಬ್ಬಳು ಹಿಂದಿನಿಂದ. ಬೋರಮ್ಮನ ಕೈಗೆ ಆಸ್ಪತ್ರೆಯ ಬಿಳಿ ಪಟ್ಟಿ ಬಂದಿತ್ತು. ಸಹಿ ಹಾಕಲು ಆಗದೆ ಅವಳೂ ಎಡಗೈ ಹೆಬ್ಬೆಟ್ಟನ್ನೇ ಒತ್ತಬೇಕಾಯಿತು. ಅದರಿಂದಾಗಿ ಪ್ರತಿ ಸಲವೂ ಇಬ್ಬರೂ ಖುದ್ದಾಗಿ ಬರಲೇಬೇಕು ಎಂದರು ಬ್ಯಾಂಕಿನವರು. ಯಲ್ಲಮ್ಮನಿಗೆ ಅದು ಬಹಳ ಹಿಡಿಸಿತು.

ಬೋರಮ್ಮ ಶಾಯಿ ಒರೆಸಿಕೊಳ್ಳುವುದನ್ನು ನೋಡುತ್ತಿದ್ದ ಅಸ್ರಾಳ ತಲೆಗೆ ಒಂದು ಯೋಚನೆ ಬಂತು. ಮೊದಲ ಫೋನು ಮಾಡಿದಾಗಲೇ ಇವಳಿಗೆ ಇದೇ ಬೇಕಿತ್ತೇ? ಹಣ ನಿಲ್ಲಿಸುವುದಲ್ಲ, ತನ್ನ ಕೈಗೆ ಬರುವುದು? ಕೇಳಿದರೆ ಹೇಳುತ್ತಿದ್ದಳೋ ಏನೋ. ಅಸ್ರಾ ಕೇಳಲಿಲ್ಲ. ಇದ್ದರೂ ಇರಬಹುದು. ಹಾಗಿದ್ದರೆ ಅವಳನ್ನು ಕಾವಲು ಕಾಯುವುದಕ್ಕೆ ಪಕ್ಕದಲ್ಲೇ ಒಬ್ಬಳು ನಿಂತಿದ್ದಳು.

ಕ್ಯಾಶಿಯರ್ ಹಣ ಕೊಟ್ಟ. ಯಲ್ಲಮ್ಮ ಅದನ್ನು ತಾನೇ ತೆಗೆದುಕೊಂಡು ಮಡಿಲಿಗೆ ಹಾಕಿಕೊಂಡಳು. ಬೋರಮ್ಮ ಚೆಕ್ ಬುಕ್ಕನ್ನು ಕುಪ್ಪಸದೊಳಗೆ ಸೇರಿಸಿದಳು.

"ನಡಿ ಅತ್ತೆ, ಮಳೆ ಬತ್ತದೆ. ಬಸ್ಸು ಓಯ್ತದೆ."

"ಅತ್ತೆ ಅನ್ಬ್ಯಾಡ! ಸಂಬಂಧ ಇಲ್ಲ ಅಂತ ಬರ್ಕೊಟ್ಟಿಲ್ವಾ ನೀನು?"

ಗಾಜಿನ ಆಚೆಯಿಂದ ಮ್ಯಾನೇಜರ್ ತಲೆ ಎತ್ತಿ ನೋಡಿದ. ಅಸ್ರಾ ಇಬ್ಬರ ಬೆನ್ನಿನ ಮೇಲೂ ಕೈ ಇಟ್ಟು ಬೇಗ ಬೇಗ ಹೊರಗೆ ಕರೆದುಕೊಂಡು ನಡೆದಳು.